ಸರ್ವೆ ನಂಬರ್ ಗೊತ್ತಿಲ್ಲದವರ ಬೆನ್ನು ಹತ್ತಿ: ಕಡೂರಿನಿಂದ ಸಕಲೇಶಪುರಕ್ಕೆ

ಗುರುವಾರ: ಕಡೂರು, ಬಾಸೂರು ಕಾವಲು

ಚಿಕ್ಕಮಗಳೂರು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮುಳ್ಳಯ್ಯನಗಿರಿ, ಮಂಜು, ಹೋಂಸ್ಟೇ. ಜಿಲ್ಲೆಯ ಇನ್ನೊಂದು ಮಗ್ಗುಲು ಬಯಲುಸೀಮೆ ಅನ್ನುವುದು ಅಲ್ಲಿಗೆ ಹೋಗಿಬರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಡಿಸೆಂಬರ್ ಮೊದಲ ವಾರ ನಾನೂ ಒಬ್ಬ ಗೆಳೆಯನೂ ರೈಲಿನಲ್ಲಿ ಬಂದು ಕಡೂರಿನಲ್ಲಿ ಇಳಿದದ್ದು ಬೇಕಂತಲೇ. ಅವನಿಗೆ ಹಕ್ಕಿ ನೋಡುವ ಹುಚ್ಚು. ನನಗೆ ಬೇರೊಂದು ಕುತೂಹಲ. ಕಾಡಿನ ಹೊರಗೆ, ಹೊಲ, ಗದ್ದೆ, ತೋಟಗಳಲ್ಲಿ ಬದುಕುವ ಜೀವಗಳನ್ನು ಯಾರು ನೋಡಿಕೊಳ್ಳಬೇಕು? ಅಭಯಾರಣ್ಯಕ್ಕೆ ಗಡಿ ಇದೆ, ಗೇಟ್ ಇದೆ, ಗಾರ್ಡ್ ಇದ್ದಾರೆ. ಹೊಲಕ್ಕೆ ಇರುವುದು ಪಹಣಿ ಮಾತ್ರ.

ಬಾಡಿಗೆ ಕಾರಿನಲ್ಲಿ ಬಾಸೂರಿನ ಕಡೆ ಹೊರಟೆವು. ರಾಗಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಹಳೇ ಪದ್ಧತಿ ಬಿಡದ ಹೊಲಗಳಲ್ಲಿ ಅಕ್ಕಡಿ ಸಾಲಿನ ಅವರೆ, ತೊಗರಿ ಇನ್ನೂ ನಿಂತಿದ್ದವು. ಅಲ್ಲಲ್ಲಿ ಹುಚ್ಚೆಳ್ಳಿನ ಹಳದಿ ಹೂವು. ರಾಗಿಯ ನಡುನಡುವೆ ಸಾಲು ಬಿಟ್ಟು ಬೇರೆ ಕಾಳು ಹಾಕುವುದಕ್ಕೆ ನಮ್ಮ ಹಿರಿಯರು ಕೊಡುತ್ತಿದ್ದ ಕಾರಣ ಸರಳ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಆದರೆ ಹೂವಿದ್ದಲ್ಲಿ ಜೇನು ಬರುತ್ತದೆ. ಹುಳ ತಿನ್ನುವ ಕಣಜಗಳೂ ಬರುತ್ತವೆ. ಎತ್ತರದ ಜೋಳದ ದಂಟಿನ ಮೇಲೆ ಕಾಜಾಣ ಕೂತು ಹುಳ ಹಿಡಿಯುತ್ತದೆ. ಬದುವಿನ ಲಕ್ಕಿ, ಕತ್ತಾಳೆ, ಕಳ್ಳಿ ಬೇಲಿಯಲ್ಲಿ ಓತಿ, ಮುಂಗುಸಿ, ಗೌಜಲಹಕ್ಕಿಗಳ ಸಂಸಾರ. ಈಗ ಬದು ಸವೆಸಿ, ಬೇಲಿ ಕಿತ್ತು ತಂತಿ ಎಳೆದ ಹೊಲಗಳೂ ಕಣ್ಣಿಗೆ ಬೀಳುತ್ತವೆ. ನೋಡಲು ಅಚ್ಚುಕಟ್ಟು. ಹಕ್ಕಿ ಮಾತ್ರ ಇಲ್ಲ.

ಬಾಸೂರು ಅಮೃತ ಮಹಲ್ ಕಾವಲು ಅಂದರೆ ಬರೀ ಹುಲ್ಲು. ಮೊದಲ ನೋಟಕ್ಕೆ ಪಾಳು ಬಿದ್ದ ಜಾಗ ಅನ್ನಿಸುತ್ತದೆ. ಪಾಳು ಅಂದುಕೊಂಡೇ ಇಂಥ ಎಷ್ಟೋ ಕಾವಲುಗಳಿಗೆ ನೀಲಗಿರಿ, ಅಕೇಶಿಯಾ ನೆಟ್ಟು ಕೆಡಿಸಿದ್ದಾರೆ. ಮರ ನೆಡುವುದು ಯಾವಾಗಲೂ ಪುಣ್ಯದ ಕೆಲಸವಲ್ಲ ಅಂತ ನಮ್ಮ ಜನಕ್ಕೆ ಹೇಳುವುದು ಬಹಳ ಕಷ್ಟ. ಈ ಹುಲ್ಲುಗಾವಲುಗಳ ಕಥೆ ಮೈಸೂರು ಅರಸರ ಕಾಲದ್ದು. ಚಿಕ್ಕದೇವರಾಜ ಒಡೆಯರ್ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಅದನ್ನು ಅಮೃತ ಮಹಲ್ ಮಾಡಿದವನು ಟಿಪ್ಪು. ಯುದ್ಧದ ಸಾಮಾನು ಎಳೆಯುವ ಗಟ್ಟಿ ಎತ್ತುಗಳಿಗೆ ಮೇವು ಬೇಕಲ್ಲ, ಅದಕ್ಕೆ ಊರೂರಲ್ಲಿ ಕಾವಲು ಮೀಸಲಿಟ್ಟರು. ಆ ತಳಿಯನ್ನು ಸಾಕುವ ಸರ್ಕಾರಿ ಕೇಂದ್ರ ಇಂದಿಗೂ ಇದೇ ಜಿಲ್ಲೆಯ ಅಜ್ಜಂಪುರದಲ್ಲಿದೆ. ದನಕ್ಕೆಂದು ಕಾದ ಹುಲ್ಲು ಕೃಷ್ಣಮೃಗ, ತೋಳ, ನರಿಗಳನ್ನೂ ಕಾಯಿತು.

2011ರಲ್ಲಿ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಇರುವುದು 7 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸುತ್ತ ಎಲ್ಲಾ ಕಡೆ ಹೊಲ. ಕೃಷ್ಣಮೃಗಗಳಿಗೆ ಇಷ್ಟು ಜಾಗ ಸಾಲುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹುರುಳಿ, ರಾಗಿ ಹೊಲಗಳಿಗೆ ಇಳಿಯುತ್ತವೆ. ಬೈಕ್ ನಿಲ್ಲಿಸಿ ನಮ್ಮ ಜೊತೆ ಮಾತಿಗೆ ನಿಂತ ರೈತರೊಬ್ಬರು, 'ಅವು ಹಿಂದಿನಿಂದಲೂ ಬರ್ತವೆ. ಆದರೆ ಮೊದಲು ಎಲ್ಲರ ಹೊಲಕ್ಕೂ ಸ್ವಲ್ಪ ಸ್ವಲ್ಪ ಬರ್ತಿದ್ವು. ಈಗ ಬೇಲಿ ಇಲ್ಲದೋನ ಹೊಲಕ್ಕೇ ಎಲ್ಲಾ ಬರ್ತವೆ' ಅಂದರು. ಈ ಮಾತು ಪ್ರವಾಸದುದ್ದಕ್ಕೂ ನನ್ನ ತಲೆಯಲ್ಲಿ ಕೂತಿತ್ತು.

ಸಂಜೆ ಸೆಳೆವಗಳು ಬಂದವು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ಇಷ್ಟು ದೂರ ಬರುವ ಬೇಟೆ ಹಕ್ಕಿಗಳಿವು. ಹಗಲೆಲ್ಲ ಹೊಲಗಳ ಮೇಲೆ ತಗ್ಗಿನಲ್ಲಿ ತೇಲುತ್ತಾ ಮಿಡತೆ, ಇಲಿ ಹಿಡಿಯುತ್ತವೆ. ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದಲ್ಲಿ, ಗುಂಪಾಗಿ. ಊಟ ರೈತರ ಹೊಲದಲ್ಲಿ, ನಿದ್ದೆ ಸರ್ಕಾರದ ಕಾವಲಿನಲ್ಲಿ. ಎರಡರಲ್ಲಿ ಒಂದು ಹೋದರೂ ಅವಕ್ಕೆ ಈ ಊರು ಬೇಡ. ಗೆಳೆಯ ಎಣಿಸುತ್ತಲೇ ಇದ್ದ. ನನಗೆ ಚಳಿಗೆ ಹಲ್ಲು ಕಟಕಟಿಸುತ್ತಿತ್ತು.

ಶುಕ್ರವಾರ: ಅಯ್ಯನಕೆರೆ, ಮಲ್ಲಂದೂರು ದಾರಿ

ಬೆಳಿಗ್ಗೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ. ಹೊಯ್ಸಳರ ಕಾಲದಲ್ಲಿ ದುರಸ್ತಿಯಾದ ಕೆರೆ ಅಂತ ಇತಿಹಾಸ. ಏರಿಯ ಮೇಲೆ ನಿಂತರೆ ಒಂದು ಕಡೆ ಬಾಬಾಬುಡನ್ ಗಿರಿಯ ಸಾಲು, ಇನ್ನೊಂದು ಕಡೆ ತೆಂಗು, ಅಡಿಕೆ, ಗದ್ದೆ. ನೀರು ಬರುವುದು ಗಿರಿಯಿಂದ. ಅಲ್ಲಿ ಮೇಲೆ ಹುಲ್ಲು ಹೊದ್ದ ಬೆಟ್ಟ, ಕಣಿವೆಗಳಲ್ಲಿ ಶೋಲಾ ಕಾಡು. ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಅವೆರಡರ ಕೆಲಸ. ಗಿರಿಯಲ್ಲಿ ಹುಟ್ಟುವ ವೇದಾ ಅಯ್ಯನಕೆರೆಗೆ ಬರುತ್ತದೆ, ಅವತಿ ಮದಗದಕೆರೆಗೆ ಹೋಗುತ್ತದೆ. ಕೆಳಗೆ ಕಡೂರಿನ ಕಡೆ ಎರಡೂ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬುತ್ತದೆ. ಆ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ಚಿತ್ರದುರ್ಗದ ರೈತನ ನೀರು ಚಿಕ್ಕಮಗಳೂರಿನ ಹುಲ್ಲುಬೆಟ್ಟದ ಮೇಲೆ ನಿಂತಿದೆ. ವಾರಾಂತ್ಯಕ್ಕೆ ಆ ಬೆಟ್ಟದ ಮೇಲೆ ಜೀಪ್ ಹತ್ತಿಸಿ ಕೇಕೆ ಹಾಕುವವರಿಗೆ ಇದು ಗೊತ್ತಿದ್ದರೆ ಸಾಕು ಅಂತ ನನಗೆ ಅನ್ನಿಸಿದ್ದಿದೆ. ಸಾಕಾಗಲಿಕ್ಕಿಲ್ಲ, ಬಿಡಿ.

ಮಧ್ಯಾಹ್ನ ಚಿಕ್ಕಮಗಳೂರು ದಾಟಿ ಮಲ್ಲಂದೂರು ದಾರಿ ಹಿಡಿದೆವು. ಮುಂದೆ ಮುತ್ತೋಡಿ, ಭದ್ರಾ ಹುಲಿ ಮೀಸಲು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಅದು. ನಾವು ಕಾಡಿನ ಒಳಗೆ ಹೋಗಲಿಲ್ಲ. ಪರಿಚಯದವರ ತೋಟದಲ್ಲಿ ಉಳಿದೆವು. ಎಲ್ಲೆಲ್ಲೂ ಅರೇಬಿಕಾ ಹಣ್ಣು ಕೊಯ್ಲು. ಕಣದಲ್ಲಿ ಕಾಫಿ ಹರವಿದ್ದರು. ರೈಟರ್ ತೂಕದ ಪುಸ್ತಕ ಹಿಡಿದು ಓಡಾಡುತ್ತಿದ್ದರು. ನಮ್ಮನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಅದೇ ಒಳ್ಳೆಯದಾಯಿತು. ಸುಮ್ನೆ ತೋಟದೊಳಗೆ ನಡೆದೆವು.

ಒಂದು ದೊಡ್ಡ ಗೋಣಿ ಮರ ಹಣ್ಣು ಬಿಟ್ಟಿತ್ತು. ಅದರ ಕೆಳಗೆ ನಾವು ಎಷ್ಟು ಹೊತ್ತು ನಿಂತಿದ್ದೆವೋ ನೆನಪಿಲ್ಲ. ಕುಟ್ರುಹಕ್ಕಿ, ಪಿಕಳಾರ, ಹಸಿರು ಪಾರಿವಾಳ, ಕೆಂದಳಿಲು. ಆಮೇಲೆ ಕಪ್ಪೆಯ ಹಾಗೆ ವಟಗುಟ್ಟುತ್ತಾ ಮಲೆ ಮಂಗಟ್ಟೆಗಳ ಒಂದು ಜೋಡಿ. ಅತ್ತಿ, ಗೋಣಿ, ಬಸರಿ, ಆಲ ಇವೆಲ್ಲ ಒಂದೇ ಕುಟುಂಬ. ಇವುಗಳ ದೊಡ್ಡ ಗುಣ ಎಂದರೆ ಎಲ್ಲಾ ಮರಗಳೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಇಲ್ಲಿಯದು ಈ ತಿಂಗಳಾದರೆ ಅಲ್ಲಿಯದು ಇನ್ನೆರಡು ತಿಂಗಳಿಗೆ. ಬೇರೆ ಮರಗಳಲ್ಲಿ ಏನೂ ಇಲ್ಲದಾಗ ಹಕ್ಕಿಗಳ ಹೊಟ್ಟೆ ತುಂಬಿಸುವವು ಇವೇ. ಹಾಗಾಗಿ ಒಂದು ತೋಟದಲ್ಲಿ ಒಂದು ಗೋಣಿ ಮರ ಇದ್ದರೆ ಸಾಲದು. ಸುತ್ತಲಿನ ಹತ್ತಾರು ತೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಇರಬೇಕು.

ಮಂಗಟ್ಟೆಗೆ ಇನ್ನೊಂದು ಕಷ್ಟ. ಗೂಡಿಗೆ ಅದಕ್ಕೆ ಹಳೇ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಮರಿ ದೊಡ್ಡದಾಗುವವರೆಗೆ ಗಂಡು ಹಣ್ಣು, ಹುಳ ತಂದು ಆ ಸೀಳಿನಲ್ಲಿ ಕೊಡುತ್ತದೆ. ಈಗ ಲೆಕ್ಕ ಹಾಕಿ. ಪೊಟರೆಯ ಮರ ಒಬ್ಬರ ತೋಟದಲ್ಲಿ. ಹಣ್ಣಿನ ಮರ ಬೇಲಿಯಾಚೆ ಇನ್ನೊಬ್ಬರದ್ದು. ಮೂರನೆಯದು ಭೂತನ ಬನದಲ್ಲಿ, ಅದು ಊರಿನದ್ದು. ನಾಲ್ಕನೆಯದು ಹಳ್ಳದ ದಂಡೆಯಲ್ಲಿ, ಅದು ಯಾರದ್ದೂ ಅಲ್ಲ. ಒಂದು ಜೋಡಿ ಹಕ್ಕಿಯ ಒಂದು ವರ್ಷದ ಸಂಸಾರ ನಾಲ್ಕು ಖಾತೆಗಳಲ್ಲಿ ಹಂಚಿಹೋಗಿದೆ. ಒಬ್ಬರು ಎಷ್ಟೇ ಒಳ್ಳೆಯವರಾದರೂ ಪಕ್ಕದವರು ಮರ ಕಡಿದರೆ ಮುಗಿಯಿತು.

ಶನಿವಾರ: ಮರಗಸಿ, ಬಾಳೆಹೊನ್ನೂರು

ಬೆಳಗಿನ ಅಕ್ಕಿ ರೊಟ್ಟಿ, ಅವರೆಕಾಳು ಪಲ್ಯದ ಮುಂದೆ ಸಾಹುಕಾರರು ಮಾತಿಗೆ ಸಿಕ್ಕರು. ಅವರ ತೋಟದ ಎರಡು ಭಾಗ ಎರಡು ಥರ ಇದೆ. ಹಳೇ ಭಾಗದಲ್ಲಿ ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಕೆಳಗೆ ಹಾಲುವಾಣ. ಹೊಸ ಭಾಗದಲ್ಲಿ ಬರೀ ಸಿಲ್ವರ್ ಓಕ್, ಒಂದೊಂದಕ್ಕೂ ಮೆಣಸಿನ ಬಳ್ಳಿ. ಯಾಕೆ ಹೀಗೆ ಅಂತ ಕೇಳಿದೆ. ಅವರು ಸಂಕೋಚವಿಲ್ಲದೆ ಹೇಳಿದರು. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ. ಮೆಣಸು ಹತ್ತಿಸಲು, ಕೊಯ್ಯಲು ಸಲೀಸು. ದುಡ್ಡು ಬೇಕಾದಾಗ ಕಡಿದು ಮಾರಬಹುದು, ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಅದೇ ಒಂದು ಬೀಟೆಯನ್ನೋ ಹೊನ್ನೆಯನ್ನೋ ಕಡಿಯಬೇಕಾದರೆ ಅರ್ಜಿ, ತಪಾಸಣೆ, ಅಲೆದಾಟ. ಗಾಳಿಗೆ ಬಿದ್ದ ಮರವನ್ನು ಸಾಗಿಸುವುದಕ್ಕೂ ಕಾಗದ ಬೇಕು.

1976ರ ಮರ ಸಂರಕ್ಷಣಾ ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ. ಅದಿಲ್ಲದಿದ್ದರೆ ಮಲೆನಾಡಿನ ಎಷ್ಟೋ ಮರ ಎಂದೋ ಲಾರಿ ಹತ್ತಿರುತ್ತಿತ್ತು. ಆದರೆ ಇರುವ ಕಾಡುಮರ ಉಳಿಸಿದ ಕಾನೂನೇ ಹೊಸ ಕಾಡುಮರ ನೆಡದ ಹಾಗೂ ಮಾಡಿತು. ಬೀಟೆ ಸಸಿ ತಾನಾಗಿ ಹುಟ್ಟಿದರೆ ಕೆಲವರು ಚಿಕ್ಕದಿರುವಾಗಲೇ ಕಿತ್ತುಹಾಕುತ್ತಾರೆ. ದೊಡ್ಡದಾದ ಮೇಲೆ ಅದು ತಮ್ಮ ಮರವೇ ಅಲ್ಲ ಎಂಬ ಭಯ. ಹಳೇ ಮರ ಒಂದೊಂದೇ ಬೀಳುತ್ತಿವೆ, ಆ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬರುತ್ತಿದೆ. ಸದ್ದಿಲ್ಲದೆ ನಡೆಯುವ ಈ ಅದಲು ಬದಲು ನನಗೆ ಮರಗಳ್ಳತನಕ್ಕಿಂತ ದೊಡ್ಡ ಚಿಂತೆ ಅನ್ನಿಸುತ್ತದೆ. ಕಳ್ಳತನವಾದರೆ ದೂರು ಕೊಡಬಹುದು. ಇದಕ್ಕೆ ದೂರೇ ಇಲ್ಲ.

ಅಲ್ಲಿಂದ ಬಾಳೆಹೊನ್ನೂರು. ಭದ್ರಾ ನದಿಯ ದಡದ ಊರು. ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಇಲ್ಲಿದೆ. ಶುರುವಾದದ್ದು 1925ರಲ್ಲಿ. ನಮ್ಮ ಜೊತೆಗಿದ್ದ ಬೆಳೆಗಾರರೊಬ್ಬರು ದಾರಿಯುದ್ದಕ್ಕೂ ಹೇಳಿದ್ದು ಬಿಳಿ ಕಾಂಡಕೊರಕದ ಸುದ್ದಿ. ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ದುಂಬಿ ಇದು. ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗೆ ಗೊತ್ತಾಗುವಷ್ಟರಲ್ಲಿ ಗಿಡ ಹೋಗಿರುತ್ತದೆ. ಇದಕ್ಕೆ ಬಿಸಿಲು ಇಷ್ಟ. ನೆರಳು ಕಮ್ಮಿಯಾದ ಕಡೆ ಹಾವಳಿ ಜಾಸ್ತಿ. ಹಾಗಾಗಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಮಾಡುವಾಗ ಎಷ್ಟು ಕೊಂಬೆ ಕಡಿಯಬೇಕು, ಎಷ್ಟು ಬಿಡಬೇಕು ಅನ್ನುವುದು ದೊಡ್ಡ ವಿದ್ಯೆ. ಜಾಸ್ತಿ ಕಡಿದರೆ ಕೊರಕ, ಕಮ್ಮಿ ಕಡಿದರೆ ಮಳೆಗಾಲದಲ್ಲಿ ಕೊಳೆರೋಗ.

ಹುಳ ಹಿಡಿದ ಗಿಡ ಗುರುತಿಸಿ, ದುಂಬಿ ಹೊರಬರುವ ಮೊದಲೇ ಕಿತ್ತು ಸುಡಬೇಕು. ವರ್ಷಕ್ಕೆ ಎರಡು ಸಲ ಅವು ಹಾರುತ್ತವೆ. ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. 'ನಾನು ಸುಟ್ಟರೆ ಏನು ಬಂತು, ಪಕ್ಕದವರು ಸುಡಬೇಕಲ್ಲ' ಅಂದರು ಆ ಬೆಳೆಗಾರರು. ನೋಡಿ, ಹುಳದ ವಿಷಯದಲ್ಲಿ ಎಲ್ಲರಿಗೂ ಇದು ಗೊತ್ತು. ನೆರೆಯವರು ಸೇರದಿದ್ದರೆ ಒಬ್ಬನ ಕೆಲಸ ನೀರಲ್ಲಿ ಹೋಮ. ಅದೇ ಲೆಕ್ಕ ಮಂಗಟ್ಟೆಗೂ, ಜೇನಿಗೂ, ಹಳ್ಳಕ್ಕೂ ಅನ್ವಯಿಸುತ್ತದೆ ಅಂದರೆ ಮಾತ್ರ ನಗುತ್ತಾರೆ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ಬೆಳೆಗಾರರು ಅಷ್ಟು ನಗುವುದಿಲ್ಲ. ರೋಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಹೆಜ್ಜೇನು, ತುಡುವೆ ಬಂದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರಕ್ಕೆ. ಆ ಮರ ಅವರ ತೋಟದ್ದೇ ಆಗಿರಬೇಕಿಲ್ಲ.

ಈಗ ಬೆಳೆಗಾರರ ಬಾಯಲ್ಲಿ ಹೊಸ ವಿಷಯ ಯುರೋಪಿನ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ ಅಂತ 2023ರಲ್ಲಿ ನಿಯಮ ಮಾಡಿದ್ದಾರೆ. ಅದಕ್ಕಾಗಿ ಪ್ರತಿ ತೋಟದ ಜಾಗವನ್ನು ಉಪಗ್ರಹ ನಕ್ಷೆಯಲ್ಲಿ ಗುರುತು ಮಾಡಿಸಬೇಕು. ನಮ್ಮ ಕಾಫಿಯ ದೊಡ್ಡ ಪಾಲು ಯುರೋಪಿಗೇ ಹೋಗುವುದರಿಂದ ಎಲ್ಲರಿಗೂ ತಲೆಬಿಸಿ. ತಮಾಷೆ ಏನೆಂದರೆ, ಮರದ ನೆರಳಿನ ಕಾಫಿ ತೋಟ ಆ ಕಾನೂನಿನ ಕಣ್ಣಿಗೆ ಕಾಡಲ್ಲ, ಕೃಷಿ ಭೂಮಿ. ಹಾಗಾಗಿ ತೋಟದೊಳಗಿನ ಬೀಟೆ, ಮತ್ತಿ ಎಲ್ಲಾ ಹೋಗಿ ಸಿಲ್ವರ್ ಓಕ್ ಬಂದರೂ ನಕ್ಷೆಯಲ್ಲಿ ಏನೂ ತಪ್ಪಾಗಿಲ್ಲ. ತೋಟದ ಗಡಿ ಕೇಳುತ್ತಾರೆ, ಒಳಗೆ ಯಾವ ಮರ ಇದೆ ಅಂತ ಕೇಳುವುದಿಲ್ಲ.

ರಾತ್ರಿ ಗೆಳೆಯ ಇಂಗ್ಲೆಂಡಿನ ಸಂಗತಿ ತೆಗೆದ. ಅಲ್ಲಿ 2010ರಲ್ಲಿ ಜಾನ್ ಲಾಟನ್ ಎಂಬ ವಿಜ್ಞಾನಿಯ ನೇತೃತ್ವದ ಸಮಿತಿ ಒಂದು ವರದಿ ಕೊಟ್ಟಿತು. ಚದುರಿದ ಸಣ್ಣ ಸಣ್ಣ ವನ್ಯಜೀವಿ ತಾಣಗಳಷ್ಟೇ ಸಾಲದು, ಅವು ಸುಧಾರಿಸಬೇಕು, ದೊಡ್ಡದಾಗಬೇಕು, ಹೆಚ್ಚಾಗಬೇಕು, ಒಂದಕ್ಕೊಂದು ಜೋಡಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಆಮೇಲೆ ಅಲ್ಲಿ ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡು, ಯಾವ ಹಕ್ಕಿ, ಯಾವ ಹಳ್ಳ ಉಳಿಸಬೇಕು ಅಂತ ತಾವೇ ತೀರ್ಮಾನಿಸುವ ಪದ್ಧತಿ ಬೆಳೆಯಿತಂತೆ. ನಮ್ಮಲ್ಲಿ ಇದಾಗುತ್ತಾ ಅಂತ ಕೇಳಿದೆ. 'ನಮ್ಮಲ್ಲಿ ಗದ್ದೆಗೆ ನೀರು ಬಿಡೋಕೆ ಊರೆಲ್ಲ ಸೇರ್ತಿದ್ರಲ್ಲ, ಅದೇ ಇದು' ಅಂದ. ಸೇರುತ್ತಿದ್ದರು, ಜಗಳವನ್ನೂ ಆಡುತ್ತಿದ್ದರು.

ಭಾನುವಾರ: ಮೂಡಿಗೆರೆ ದಾಟಿ

ಹೆಚ್ಚು ಸಮಯ ಕಾರಿನಲ್ಲೇ ಹೋಯಿತು. ಮೂಡಿಗೆರೆ ಸುತ್ತ ಹಳ್ಳದ ಗದ್ದೆಗಳನ್ನು ನೋಡುತ್ತಾ ಬಂದೆವು. ಭತ್ತ ಇದ್ದ ಕಡೆ ಬೆಳ್ಳಕ್ಕಿ, ಕೊಕ್ಕರೆ. ಭತ್ತ ಬಿಟ್ಟ ಕಡೆ ಅಡಿಕೆ, ಕಾಫಿ, ಶುಂಠಿ, ಇಲ್ಲಾ ಸುಮ್ನೆ ಹಾಳು. ಭತ್ತದಲ್ಲಿ ಲಾಭವಿಲ್ಲ, ಆಳು ಸಿಗುವುದಿಲ್ಲ. ಹಾಗೆಂದು ಬಿಟ್ಟವರನ್ನು ಬೈಯುವಂತಿಲ್ಲ. ಆದರೆ ಮಳೆಗಾಲ ಪೂರ್ತಿ ನೀರು ನಿಲ್ಲಿಸಿಕೊಂಡು ಕಪ್ಪೆ, ಏಡಿ, ಮೀನು ಸಾಕುತ್ತಿದ್ದ ಜಾಗ ಹೋಗುತ್ತಿದೆ.

ಒಂದು ಹಳ್ಳದ ಸೇತುವೆ ಮೇಲೆ ಕಾರು ನಿಲ್ಲಿಸಿದೆವು. ನೀರು ಕಂದು ಬಣ್ಣ, ಹುಳಿ ವಾಸನೆ. ಮೇಲೆಲ್ಲೋ ಪಲ್ಪಿಂಗ್ ಮಾಡಿದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು ಹಾಗೇ ಬಿಟ್ಟಿದ್ದಾರೆ. ಈ ನೀರು ಹಳ್ಳದ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಸಾಯುತ್ತವೆ, ಮೀನು ಏಡಿ ನಂಬಿದ ನೀರುನಾಯಿ ಜಾಗ ಬಿಡುತ್ತದೆ. ಹೊಂಡ ಮಾಡಿ ನೀರು ತಿಳಿಯಾಗಿಸಿ ಬಿಡುವ ತೋಟಗಳೂ ಇವೆ. ಆದರೆ ಹತ್ತು ತೋಟದವರು ಸರಿಯಾಗಿದ್ದು ಮೇಲಿನ ಒಬ್ಬ ಬಿಟ್ಟರೂ ಕೆಳಗಿನವರ ಕಷ್ಟಕ್ಕೆ ಕೊನೆಯಿಲ್ಲ. ಈ ಹಳ್ಳಗಳೆಲ್ಲ ಸೇರುವುದು ಇದೇ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಗೆ. ಕತ್ತಲಾಗುವ ಮೊದಲೇ ಸಕಲೇಶಪುರ ಸೇರಿಕೊಳ್ಳಿ ಅಂತ ದಾರಿಯಲ್ಲಿ ಸಿಕ್ಕವರೆಲ್ಲ ಹೇಳಿದರು. ಯಾಕೆ ಅಂತ ಕೇಳಬೇಕಾಗಿಲ್ಲ.

ಸೋಮವಾರ: ಸಕಲೇಶಪುರ, ಬಿಸಿಲೆ ಕಡೆ

ಬೆಳಿಗ್ಗೆ ಟೀ ಅಂಗಡಿಯಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿಣಿಗುಟ್ಟಿತು. ಯಾವ ಊರಿನ ಹತ್ತಿರ, ಯಾವ ತೋಟದಲ್ಲಿ ಆನೆ ಇದೆ ಅಂತ ಸಂದೇಶ. ಕಾರ್ಮಿಕರನ್ನು ಎಲ್ಲಿಗೆ ಕಳಿಸಬೇಕು, ಮಕ್ಕಳು ಶಾಲೆಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಆನೆಗಳಿಗೂ ಹೆಸರಿದೆ. ಭೀಮನ ಸುದ್ದಿ, ಬೀಟಮ್ಮನ ಗುಂಪಿನ ಸುದ್ದಿ ಹೇಳುವಾಗ ನೆಂಟರ ಸುದ್ದಿ ಹೇಳಿದ ಧಾಟಿ.

ಹಾಸನ ಜಿಲ್ಲೆಯಲ್ಲಿ ಆಲೂರು, ಸಕಲೇಶಪುರ, ಬೇಲೂರಿನ ಆನೆಗಳಿಗೆ ದೊಡ್ಡ ಕಾಡಿನ ಆಸರೆ ಇಲ್ಲ. ಹಗಲು ಕಾಫಿ ತೋಟದ ನೆರಳಲ್ಲಿ ನಿಲ್ಲುತ್ತವೆ, ರಾತ್ರಿ ಗದ್ದೆಗೆ ಇಳಿಯುತ್ತವೆ. ಗೊರೂರು ಅಣೆಕಟ್ಟಿನ ಹಿನ್ನೀರು ಹಳೇ ದಾರಿ ಮುಚ್ಚಿತು ಅಂತ ಹಳಬರು ಹೇಳುತ್ತಾರೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕು ಅಂತ ಶಿಫಾರಸು ಮಾಡಿತು. 2014ರಲ್ಲಿ 22 ಆನೆ ಹಿಡಿದರು. ಜಾಗ ಖಾಲಿ ಉಳಿಯಲಿಲ್ಲ, ಬೇರೆ ಆನೆ ಬಂದವು. ಯಸಳೂರು ವಲಯದಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕೆಲಸದಲ್ಲಿದ್ದಾಗ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತದ್ದು ಎಲ್ಲರಿಗೂ ನೆನಪಿರುತ್ತದೆ. ಅವನ ಸಮಾಧಿ ಇರುವ ದಬ್ಬಳ್ಳಿಕಟ್ಟೆಗೆ ಜನ ಈಗಲೂ ಹೂವು ತರುತ್ತಾರೆ. ಅದೇ ಜನ ರಾತ್ರಿ ಪಟಾಕಿ ಹಿಡಿದು ಗದ್ದೆ ಕಾಯುತ್ತಾರೆ. ಇದರಲ್ಲಿ ವಿರೋಧ ಏನೂ ಇಲ್ಲ.

ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿಯ ರಿಡ್ಜ್ ನೋಡಿದೆವು. ಬಿದ್ದ ಮಳೆ ಒಂದು ಕಡೆ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಅರಬ್ಬಿ ಸಮುದ್ರಕ್ಕೆ ಹೋಗುವ ದಿಣ್ಣೆ. ಫೋಟೋ ತೆಗೆಯುವವರ ಸಾಲಿತ್ತು. ಬೇಗ ಹೊರಟೆವು.

ಮಧ್ಯಾಹ್ನ ಹೋದದ್ದು ಸಣ್ಣ ಬೆಳೆಗಾರರೊಬ್ಬರ ಮನೆಗೆ. ಒಂದಿಷ್ಟು ಕಾಫಿ, ಕೆಳಗೆ ಸ್ವಲ್ಪ ಗದ್ದೆ. ಮೇಲಿನ ದೊಡ್ಡ ತೋಟದವರು ಸುತ್ತಲೂ ಸೋಲಾರ್ ಬೇಲಿ ಹಾಕಿದ ಮೇಲೆ ಆನೆಗಳು ಇವರ ತೋಟವನ್ನೇ ದಾರಿ ಮಾಡಿಕೊಂಡವು. ಬಾಸೂರಿನ ರೈತರ ಮಾತು ಮತ್ತೆ ಎದುರಿಗೆ ಬಂತು. 'ಆನೆ ಉಳೀಬೇಕು ಅನ್ನೋರು ಬೆಂಗಳೂರಲ್ಲಿ ಇರ್ತಾರೆ. ಪರಿಹಾರದ ಅರ್ಜಿ ನಾನು ಬರೀಬೇಕು' ಅಂದರು. ಕೋಪದಲ್ಲಿ ಹೇಳಲಿಲ್ಲ. ಕಾಫಿ ಲೋಟ ಕೊಡುತ್ತಾ ಹೇಳಿದರು.

ಆದರೂ ಈ ವರ್ಷ ಅವರೂ, ಮೇಲಿನ ತೋಟದವರೂ, ಇನ್ನೊಬ್ಬ ಪಕ್ಕದವರೂ ಕೂತು ಮಾತಾಡಿದ್ದಾರೆ. ಹಳ್ಳದ ಪಕ್ಕ ಒಂದು ಪಟ್ಟಿಯಷ್ಟು ಜಾಗಕ್ಕೆ ಮೂವರೂ ಬೇಲಿ ಹಾಕುವುದಿಲ್ಲ. ಮೇಲಿನ ತೋಟದವರು ಆ ಕಡೆಯ ತಂತಿ ಹಿಂದಕ್ಕೆ ಸರಿಸಿದ್ದಾರೆ. ಅಲ್ಲಿ ಬೈನೆ, ಬಿದಿರು ಇದ್ದಂತೆ ಬಿಟ್ಟಿದ್ದಾರೆ. ಆನೆ ಹಳ್ಳ ಹಿಡಿದು ಹೋದರೆ ಹೋಗಲಿ ಅಂತ. ಕಾಗದ ಪತ್ರ ಏನಿಲ್ಲ, ಬಾಯಿಮಾತು. ಆ ಪಟ್ಟಿಯಲ್ಲಿ ನಡೆದಾಗ ಒಂದು ದೊಡ್ಡ ಅತ್ತಿ ಮರ, ನೀರಿನ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆ, ಹಳೇ ಲದ್ದಿ ಎಲ್ಲಾ ಸಿಕ್ಕವು. ಗೆಳೆಯನಿಗೆ ನವರಂಗ ಕಂಡಿತಂತೆ. ನನಗೆ ಕಾಣಲಿಲ್ಲ.

ಸಮಸ್ಯೆ ಇರುವುದು ಕೆಳತುದಿಯಲ್ಲಿ. ಹಳ್ಳ ಗದ್ದೆಗೆ ಸೇರುವ ಕಡೆ ಜಮೀನು ನಾಲ್ಕನೆಯವರದ್ದು. ಅವರು ಊರಲ್ಲಿಲ್ಲ, ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ. ಈ ಗುತ್ತಿಗೆದಾರರು ಹೂಂ ಅಂದಿದ್ದಾರೆ. ಮಾರ್ಚ್‌ಗೆ ಅವರ ಅವಧಿ ಮುಗಿಯುತ್ತದೆ. ಮುಂದೆ ಯಾರು ಬರುತ್ತಾರೆ, ಬೇಲಿ ಹಾಕುತ್ತಾರಾ ಅಂತ ಕೇಳಿದೆ. 'ಅವರ ಫೋನ್ ನಂಬರ್ ಸಿಕ್ಕಿದ ದಿನ ಹೇಳ್ತೀನಿ' ಅಂದರು, ಗದ್ದೆಯ ಕಡೆ ಇಳಿಯುತ್ತಾ.